ಮೆಹಿಟಬಲಳ ಹಸು

ಗಂಡ ಹೆಂಡತಿ ಇಬ್ಬರೂ ಸೇರಿ ಕಾನೂನಿನ ಕಣ್ಣಿಗೆ ಒಬ್ಬರೇ ವ್ಯಕ್ತಿ. ಆ ವ್ಯಕ್ತಿ ಗಂಡ. ಮ್ಯಾಸಚೂಸೆಟ್ಸಿನ ನಮ್ಮ ವಿನ್‌ಸ್ಲೇಡ್ ಊರಿನಲ್ಲಿ 1838ರ ಮಾರ್ಚ್‌ವರೆಗೆ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ನಾನು ಊರಿನ ಗುಮಾಸ್ತ. ತೊಂದರೆ ಆಗಿದ್ದರೆ ನನ್ನ ದಫ್ತರದಲ್ಲಿ ಇರುತ್ತಿತ್ತು.

ಮಾರ್ಚಿನಲ್ಲಿ ಮೆಹಿಟಬಲ್ ಥ್ರಪ್ ಅರ್ಜಿ ಹಿಡಿದು ನನ್ನ ಮೇಜಿನ ಮುಂದೆ ನಿಂತಳು. ಅವಳ ತಾಯಿ ಸಾಯುವಾಗ ಮಗಳಿಗೆಂದು ಒಂದು ಕೆಂದ ಹಸು ಬಿಟ್ಟುಹೋಗಿದ್ದಳು. ಗಂಡ ಅಸಾಹೆಲ್ ಅದನ್ನು ಶನಿವಾರ ಕಟುಕನಿಗೆ ಮಾರುವವನಿದ್ದ.

"ಹಸು ನಂದು ಅಂತ ಬರ್ಕೊಳ್ಳಿ ಸ್ವಾಮಿ."

"ಮದುವೆಯಾದ ಹೆಂಗಸಿಗೆ ಆಸ್ತಿ ಇಲ್ಲಮ್ಮ. ಅರ್ಜಿಗೂ ಯಜಮಾನರ ಸಹಿ ಬೇಕು."

"ಅವರ ಮೇಲೇ ಅಲ್ವೇ ಅರ್ಜಿ!"

"ಹಾಗಾದ್ರೆ ಅವರನ್ನೇ ಕೇಳಿ. ಕಾನೂನು ಪ್ರಕಾರ ಇಲ್ಲಿ ಯಾರೂ ನಿಂತಿಲ್ಲ."

"ಮತ್ತೆ ನೀವು ಯಾರ ಹತ್ರ ಮಾತಾಡ್ತಿದ್ದೀರಿ?"

ಪ್ರಶ್ನೆ ಲಿಖಿತ ರೂಪದಲ್ಲಿ ಇಲ್ಲದ್ದರಿಂದ ನಾನು ಉತ್ತರಿಸಲಿಲ್ಲ.

ಮರುದಿನ ಊರ ಸಭೆಯಲ್ಲಿ ಅವಳು ಬೆಂಚು ಹತ್ತಿ ಒಂದು ಗಂಟೆ ಮಾತಾಡಿದಳು. ಹೆಂಗಸರು ಸಭೆಯಲ್ಲಿ ಬಾಯಿ ಬಿಡುವುದು ಅಪರಾಧ. ಅವಳನ್ನು ಕೆಳಗಿಳಿಸಲು ಹೇಳಿದರೆ, ಬೀದಿ ಹಂದಿ ಹಿಡಿಯಲು ನೇಮಕವಾದ ಅಧಿಕಾರಿ ತನ್ನ ಅಧಿಕಾರ ಹಂದಿಗಳಿಗಷ್ಟೇ ಸೀಮಿತ ಎಂದ. ನಿಯಮದಂತೆ ಅಸಾಹೆಲನನ್ನು ಹಿಡಿಯಲಾಯಿತು.

"ನಾನೇನ್ರೀ ಮಾಡ್ದೆ?"

"ಒಂದು ಗಂಟೆ ಭಾಷಣ ಮಾಡಿದ್ದೀರಿ," ಅಂದೆ ನಾನು.

"ನಾನು ತುಟಿ ಪಿಟಕ್ ಅಂದಿಲ್ಲ!"

"ಇಬ್ಬರೂ ಒಬ್ಬರೇ ಅಲ್ವೇ? ಯಾವ ಬಾಯಿ ಅಂತ ಕಾನೂನು ಕೇಳಲ್ಲ."

ಮೂವತ್ತು ದಿನ ಸೆರೆ. ಸೆರೆಯಲ್ಲಿರುವವನು ದನ ಮಾರುವಂತಿಲ್ಲ, ಹಸು ಉಳಿಯಿತು. ಇಬ್ಬರೂ ಒಬ್ಬರೇ ಆದ್ದರಿಂದ ಮೆಹಿಟಬಲಳೂ ಸೆರೆಯಲ್ಲೇ ಇದ್ದಂತಾಯಿತು. ಆದರೆ ಅವಳು ದಿನಾ ಹಾಲಿನ ಬಕೆಟ್ ಹಿಡಿದು ಓಡಾಡುತ್ತಿದ್ದಳು. ಗೊಂದಲ ಬೇಡವೆಂದು ನಾನೊಂದು ಪ್ರಕಟಣೆ ಅಂಟಿಸಿದೆ: "ಶ್ರೀಮತಿ ಥ್ರಪ್ ಸೆರೆಮನೆಯಲ್ಲಿದ್ದಾರೆ. ಬೀದಿಯಲ್ಲಿ ಅವರನ್ನು ಕಂಡವರು ಕಂಡಿಲ್ಲವೆಂದು ಭಾವಿಸತಕ್ಕದ್ದು." ಜನ ಸಹಕರಿಸಿದರು. ಇಪ್ಪತ್ತೊಂಬತ್ತನೆಯ ದಿನ ಅವಳು ಮತ್ತೆ ಬೆಂಚು ಹತ್ತಿದಳು. ಅಸಾಹೆಲನಿಗೆ ಇನ್ನೂ ಮೂವತ್ತು ದಿನ ಬಿತ್ತು.

ಉಳಿದ ಹೆಂಗಸರು ಕಣ್ಣು ಮುಚ್ಚಿಕೊಂಡಿರಲಿಲ್ಲ. ಮುಂದಿನ ಸಭೆಯಲ್ಲಿ ಹನ್ನೊಂದು ಮಂದಿ ಮಾತಾಡಿದರು. ಅವರ ಗಂಡಂದಿರು, ಅಂದರೆ ಊರಿನ ಹಿರಿಯರೆಲ್ಲ, ಒಳಗೆ ಬಂದದ್ದರಿಂದ ಈಗ ಊರ ಸಭೆ ಸೆರೆಮನೆಯಲ್ಲೇ ನಡೆಯುತ್ತದೆ. ಹಾಜರಾತಿ ಎಂದೂ ಇಷ್ಟು ಚೆನ್ನಾಗಿರಲಿಲ್ಲ.

ನನ್ನ ಹೆಂಡತಿ, ಹೆಸರು ಥ್ಯಾಂಕ್‌ಫುಲ್, ಎರಡು ಗಂಟೆ ಮಾತಾಡಿದಳು. ಸುಳ್ಳೇಕೆ, ನನಗೆ ಹೆಮ್ಮೆಯೇ ಆಯಿತು. ಇದನ್ನು ಅಸಾಹೆಲನ ಪಕ್ಕದ ಮಂಚದಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ನನ್ನ ಮೇಜಿನ ಹಿಂದೆ ಅವಳು ಕೂತಿದ್ದಾಳೆ. ಇಬ್ಬರೂ ಒಬ್ಬರೇ ಆದ್ದರಿಂದ ಗುಮಾಸ್ತ ಬದಲಾಗಿಲ್ಲ, ಅಕ್ಷರ ಮಾತ್ರ ದುಂಡಗಾಗಿದೆ ಎಂದು ಹಿರಿಯರು ಒಪ್ಪಿದ್ದಾರೆ.

ನಿನ್ನೆ ದಫ್ತರ ಸಭೆಯ ಪರಿಶೀಲನೆಗೆಂದು ಸೆರೆಮನೆಗೆ ಬಂತು. ಕೆಂದ ಹಸು ಮೆಹಿಟಬಲಳ ಹೆಸರಿಗೆ ದಾಖಲಾಗಿದೆ. ಕೆಳಗೆ ಗುಮಾಸ್ತರ ಸಹಿ ಇದೆ.

"ಇದು ನಿಮ್ದೇ ಸಹಿ ಏನ್ರೀ?" ಅಂದ ಅಸಾಹೆಲ್.

"ನಂದೇ," ಅಂದೆ. "ನಾನು ಹಾಕಿಲ್ಲ, ಅಷ್ಟೇ."