ತಂಗುದಾಣದ ಹೊಗೆಯೂ ನನ್ನ ಕವಳದ ತಟ್ಟೆಯೂ

ಯಾವ ವಿಷಯದ ಮೇಲಾದರೂ ಬಾಯಿ ತೆರೆಯುವ ಮೊದಲು ಅದರ ಇಸವಿಯನ್ನು ಎರಡು ಆಧಾರಗಳಿಗಾದರೂ ಒರೆಹಚ್ಚಿ ನೋಡಬೇಕೆಂಬುದು ನನಗೆ ಅಂಟಿಕೊಂಡ ಚಟ. ಬೀಡಿಯ ಚಟದಷ್ಟೇ ಅದು ಬಿಡಲಾಗದ್ದು, ಸುತ್ತಲಿನವರಿಗೆ ಬೀಡಿಯಷ್ಟೇ ಉಸಿರುಗಟ್ಟಿಸುವಂಥದ್ದು ಎಂಬುದು ನನ್ನ ಹೆಂಡತಿ ಸುಮಿತ್ರೆಯ ಅಂಬೋಣ. ಭಟ್ಕಳ, ಹೊನ್ನಾವರ, ಕುಮಟೆಗಳ ಹಳೆಯ ಬಂದರುಗಳ ಇತಿಹಾಸವನ್ನು ಕೆದಕುವ ಉದ್ಯೋಗದಿಂದ ನಿವೃತ್ತನಾದ ಮೇಲೂ ಅದು ನನ್ನನ್ನು ಬಿಟ್ಟಿಲ್ಲ. ಮದುವೆಯ ಕರೆಯೋಲೆ ಬಂದರೂ ತಿಥಿಗೂ ತಾರೀಖಿಗೂ ತಾಳೆಯಾಗುತ್ತದೆಯೇ ಎಂದು ಪಂಚಾಂಗ ತೆರೆಯುತ್ತೇನೆ. ಒಮ್ಮೆ ತಾಳೆಯಾಗಲಿಲ್ಲ. ಹುಡುಗಿಯ ತಂದೆಗೆ ಫೋನು ಮಾಡಿ ದೋಷವನ್ನು ವಿವರಿಸಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡು, "ಎರಡೂ ದಿವಸ ಊಟ ಇರ್ತದೆ, ನೀವು ಯಾವಾಗ ಬೇಕಾದ್ರೂ ಬನ್ನಿ" ಎಂದರು.

ಹೀಗಿರುವಾಗ ನಮ್ಮೂರ ಯುವಕ ಸಂಘದವರು "ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಬೇಕೇ?" ಎಂಬ ಚರ್ಚಾಕೂಟಕ್ಕೆ ನನ್ನನ್ನು ಕರೆದದ್ದು ಅವರ ಅನುಭವದ ಕೊರತೆಯಿಂದ ಎನ್ನಬೇಕು. ನಾನು ಎದ್ದು ನಿಂತು, ಕಾಯ್ದೆ ಆದದ್ದು ೨೦೦೩ರಲ್ಲಿ, ಸಾರ್ವಜನಿಕ ಸ್ಥಳಗಳ ಕುರಿತ ನಿಯಮಗಳು ಜಾರಿಗೆ ಬಂದದ್ದು ೨೦೦೮ರ ಗಾಂಧಿ ಜಯಂತಿಯಂದು, ಆದಕಾರಣ ಈಗ "ನಿಷೇಧಿಸಬೇಕೇ" ಎಂದು ಕೇಳುವುದು ಮದುವೆಯಾಗಿ ಮೊಮ್ಮಕ್ಕಳನ್ನು ಕಂಡವನಿಗೆ ಹೆಣ್ಣು ನೋಡಲು ಹೊರಟಂತೆ ಎಂದು ತಿಳಿಸಿ ಕುಳಿತೆ. ಪರವಾಗಿ ಮಾತಾಡಬೇಕಾದವರೂ ವಿರೋಧವಾಗಿ ಮಾತಾಡಬೇಕಾದವರೂ ಏಕಕಾಲಕ್ಕೆ ತಮ್ಮ ಚೀಟಿಗಳನ್ನು ಮಡಚಿ ಜೇಬಿಗಿಟ್ಟರು. ಅಧ್ಯಕ್ಷರು ಚಹಾ ತರಿಸಿದರು. ಚಹಾ ಕುಡಿದವರಲ್ಲಿ ಅರ್ಧ ಜನ ಬೀಡಿ ಹಚ್ಚಲು ಜಗಲಿಗೆ ನಡೆದರು.

ಆದರೆ ನಾನು ಹೇಳಹೊರಟದ್ದು ಚರ್ಚಾಕೂಟದ ಕತೆಯನ್ನಲ್ಲ, ನಮ್ಮ ಬಸ್ ತಂಗುದಾಣದ ಕತೆಯನ್ನು. ಹಿರೇಗುತ್ತಿಯ ಕಡೆಯ ಹೆದ್ದಾರಿಯ ಬದಿಯಲ್ಲಿ ಮೂರು ಗೋಡೆ, ಒಂದು ಮಾಡು, ಒಂದು ಸಿಮೆಂಟಿನ ಕಟ್ಟೆ ಇರುವ ಕಟ್ಟಡ ಅದು. ಬೇಸಿಗೆಯಲ್ಲಿ ಅಲ್ಲಿ ಯಾರೂ ಕೂರುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಅದು ತುಂಬಿರುತ್ತದೆ. ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ಸರಕಾರದ ಆಜ್ಞೆ ಜಾರಿಯಲ್ಲಿರುವ ದಿನಗಳವು. ಹೊನ್ನಾವರದ ಬಂದರಿನಲ್ಲಿ ದೋಣಿ ಕಟ್ಟಿಹಾಕಿ ಊರಿಗೆ ಮರಳಿದ ಹೊನ್ನಪ್ಪ ತಾಂಡೇಲನೂ ಅವನ ಕೈಕೆಳಗಿನ ಆಳುಗಳೂ ಬೆಳಗಿನಿಂದ ಅಲ್ಲಿಯೇ ಕುಳಿತು ಮುಂದಿನ ಹಂಗಾಮಿನ ಮೀನನ್ನು ಬಾಯಲ್ಲೇ ಹಿಡಿಯುತ್ತಿರುತ್ತಾರೆ. ತಾಂಡೇಲನೆಂದರೆ ಚುಕ್ಕಾಣಿ ಹಿಡಿದು ದೋಣಿಯನ್ನೂ ಆಳುಗಳನ್ನೂ ನಡೆಸುವವನು. ಹೊನ್ನಪ್ಪ ಬೀಡಿ ಹಚ್ಚಿದರೆ ಉಳಿದವರೂ ಹಚ್ಚುತ್ತಾರೆ. ಮಳೆಯ ಗಾಳಿ ಎದುರಿನಿಂದ ನುಗ್ಗುವುದರಿಂದ ಹೊಗೆಗೆ ಹೊರಗೆ ಹೋಗಲು ದಾರಿಯಿಲ್ಲ. ಅದೂ ಬಸ್ಸಿಗೆ ಕಾದವರಂತೆ ಒಳಗೇ ಕೂರುತ್ತದೆ.

ಸುಮಿತ್ರೆಗೆ ಉಬ್ಬಸ. ಮಳೆ ಹಿಡಿದರೆ ಅದು ಹೆಚ್ಚು. ಕುಮಟೆಯಲ್ಲಿರುವ ಅಕ್ಕನ ಮನೆಗೆ ವಾರಕ್ಕೊಮ್ಮೆ ಹೋಗಿ ಮಾತಾಡಿ ಬರುವುದು ಆಕೆಗಿರುವ ಒಂದೇ ಚಟ. ಒಂದು ದಿನ ಹೊರಟವಳು ಬಸ್ಸು ಬರುವ ಮೊದಲೇ ಎದೆ ಹಿಡಿದುಕೊಂಡು ಮನೆಗೆ ಮರಳಿದಳು. ಔಷಧಿಯ ಪಂಪನ್ನು ಬಾಯಿಗಿಟ್ಟು ಎಳೆದು, ಬಹಳ ಹೊತ್ತು ಗೋಡೆಗೊರಗಿ ಕುಳಿತಳು. ಉಸಿರು ಹಿಡಿತಕ್ಕೆ ಬಂದ ಮೇಲೆ, "ಇನ್ನು ನಾ ಹೋಗೂದಿಲ್ಲ. ಅಕ್ಕನ ಹತ್ರ ಫೋನಲ್ಲೇ ಮಾತಾಡ್ತೆ" ಎಂದಳು. ಅಕ್ಕನಿಗೆ ಕಿವಿ ಮಂದ. ಫೋನಿನಲ್ಲಿ ಆಕೆಯೊಡನೆ ಮಾತಾಡುವುದೆಂದರೆ ಇಡೀ ಕೇರಿಗೆ ಡಂಗುರ ಸಾರಿದಂತೆ. ಆಟೋದಲ್ಲಿ ಹೋಗು ಎಂದೆ. "ಅಕ್ಕನ ಮನೆಗೆ ಆಟೋದಲ್ಲಿ ಹೋಗೂಕೆ ನಾನೇನು ಬಾಣಂತಿಯಾ?" ಎಂದಳು. ಮುಂದಿನ ವಾರ ಹೋಗಲಿಲ್ಲ, ಅದರ ಮುಂದಿನ ವಾರವೂ ಹೋಗಲಿಲ್ಲ. ಮಾತು ಕಡಿಮೆಯಾಯಿತು. ಮಾತು ಕಡಿಮೆಯಾದ ಸುಮಿತ್ರೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ, ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹೆದರಿದ ವಿದ್ವಾಂಸ ಮಾಡುವುದನ್ನೇ ನಾನೂ ಮಾಡಿದೆ, ಓದಲು ಕುಳಿತೆ. ಕಾಯ್ದೆಯ ವ್ಯಾಖ್ಯೆಯಲ್ಲಿ "ಬಯಲು ಜಾಗ" ಸಾರ್ವಜನಿಕ ಸ್ಥಳವಲ್ಲ ಎಂದಿತ್ತು. ಮೂರು ಗೋಡೆಯಿರುವ ತಂಗುದಾಣ ಬಯಲೋ ಕಟ್ಟಡವೋ ಎಂಬ ಜಿಜ್ಞಾಸೆಯಲ್ಲಿ ಹಲವು ಬೆಳಗುಗಳು ಕಳೆದವು. ಹಳೆಯ ಗೆಳೆಯನನ್ನು ಕಾಣಲು ಭಟ್ಕಳಕ್ಕೆ ಹೋದಾಗಲೂ ಇದೇ ಮಾತು. ಅವನಿಗೆ ಅಲ್ಲೊಂದು ಬಟ್ಟೆ ಅಂಗಡಿಯಿದೆ. ಅವನು ನಕ್ಕು, "ರಂಜಾನಲ್ಲಿ ರೋಜಾ ಹಿಡಿದ ದಿನ ಬೆಳಗಿಂದ ಸಂಜೆವರೆಗೂ ನಂಗೆ ಸಿಗರೇಟಿನ ನೆನಪೇ ಆಗೂದಿಲ್ಲ ಭಾಯಿ. ಬಾಕಿ ದಿನ ಯಾರಾದ್ರೂ ಬೇಡ ಅಂದ ಕೂಡ್ಲೇ ನೆನಪಾಗ್ತದೆ" ಎಂದ. ಈ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಕಡೆಗೆ ನಿಯಮಗಳನ್ನು ಇನ್ನೊಮ್ಮೆ ತಿರುವಿದಾಗ "ಬಸ್ ನಿಲ್ದಾಣ" ಎಂದು ಸ್ಪಷ್ಟವಾಗಿಯೇ ಬರೆದಿರುವುದು ಕಣ್ಣಿಗೆ ಬಿತ್ತು. ನಾನು ಅದನ್ನು ಹುಡುಕುತ್ತಿದ್ದ ಅಷ್ಟೂ ದಿನ ತಂಗುದಾಣದಲ್ಲಿ ಬೀಡಿ ಉರಿಯುತ್ತಲೇ ಇತ್ತು.

ಮರುದಿನ ಕೊಡೆ ಹಿಡಿದು ಹೋಗಿ ಹೊನ್ನಪ್ಪನ ಎದುರು ಕಾಯ್ದೆಯನ್ನು ಇಸವಿಸಮೇತ ವಿವರಿಸಿದೆ. ಅವನು ಗೌರವದಿಂದ ಸರಿದು ಜಾಗ ಕೊಟ್ಟು ಎಲ್ಲವನ್ನೂ ಕೇಳಿದ. ನಮ್ಮ ಕಡೆ ಕನ್ನಡಕ ಹಾಕಿ ಪುಸ್ತಕ ಹಿಡಿದವರೆಲ್ಲ ಮಾಸ್ತರರೇ. ಹೀಗಾಗಿ ಒಂದು ದಿನವೂ ಪಾಠ ಹೇಳದ ನಾನೂ ಅವನಿಗೆ ಮಾಸ್ತರು.

"ಎಲ್ಲ ಖರೆ ಮಾಸ್ತರೇ" ಎಂದ ಅವನು. "ಮಳೆಗಾಲದಲ್ಲಿ ಕಡಲಿಗೆ ಹೋಗ್ಬೇಡ ಅಂತು ಸರ್ಕಾರ, ಹೋಗೂದಿಲ್ಲ. ಮನೆಯೊಳಗೆ ಸೇದ್ಬೇಡ ಅಂದ್ಲು ಹೆಂಡ್ತಿ, ಸೇದೂದಿಲ್ಲ. ಈಗ ನೀವು ಇಲ್ಲೂ ಬೇಡ ಅಂದ್ರೆ ನಾ ಎಲ್ಲಿ ಹೋಗೂದು? ಅದನ್ನ ಎಂತ ಬರೆದಾರೆ ನಿಮ್ಮ ಕಾಯ್ದೆಲಿ?"

ಅದನ್ನು ಕಾಯ್ದೆಯಲ್ಲಿ ಬರೆದಿರಲಿಲ್ಲ. ಅವನ ಆಳೊಬ್ಬ ನನ್ನತ್ತ ಬೀಡಿಕಟ್ಟು ಚಾಚಿ, "ಒಂದು ಸೇದ್ತ್ರಾ?" ಎಂದು ವಿನಯದಿಂದ ಕೇಳಿದ. ನಾನು ಮನೆಗೆ ಬಂದೆ.

ಆಗ ಹೊಳೆದದ್ದು ಕವಳದ ಉಪಾಯ. ಮನೆಗೆ ಯಾರೇ ಬರಲಿ, ಮಾತಿಗೆ ಮೊದಲು ಎಲೆ, ಅಡಿಕೆ, ಸುಣ್ಣದ ತಟ್ಟೆ ಮುಂದಿಡುವುದು ನಮ್ಮ ಸೀಮೆಯ ಪದ್ಧತಿ. ಕವಳ ಕೊಡದೆ ಇಲ್ಲಿ ಸಾಲವನ್ನೂ ಕೇಳುವುದಿಲ್ಲ, ಸಂಬಂಧವನ್ನೂ ಕೇಳುವುದಿಲ್ಲ. ನಾನು ಬರಿಗೈಯಲ್ಲಿ ಹೋಗಿ ಬೀಡಿ ಬಿಡಿ ಎಂದದ್ದೇ ತಪ್ಪಾಯಿತು. ಮೇಲಾಗಿ ಮನುಷ್ಯನಿಗಿರುವುದು ಒಂದೇ ಬಾಯಿ, ಅದರಲ್ಲಿ ಕವಳವಿದ್ದರೆ ಬೀಡಿಗೆ ಎಡೆಯೆಲ್ಲಿ? ತರ್ಕ ನಿರ್ದುಷ್ಟವಾಗಿತ್ತು. ಹಿತ್ತಾಳೆಯ ತಟ್ಟೆಯನ್ನು ತೊಳೆದು, ತಂಬಾಕಿನ ಎಸಳೊಂದೂ ಇಲ್ಲದ ಶುದ್ಧ ಕವಳವನ್ನು ತುಂಬಿ, ಅದರ ಮೇಲೆ ಕೊಡೆ ಹಿಡಿದು, ನಾನು ಮಾತ್ರ ನೆನೆಯುತ್ತ ತಂಗುದಾಣಕ್ಕೆ ಒಯ್ದೆ.

"ಎಂತ ಮಾಸ್ತರೇ, ಮನೇಲಿ ಮದುವೆನಾ?" ಎಂದ ಹೊನ್ನಪ್ಪ. ತಟ್ಟೆಯನ್ನು ಬೆರಳಲ್ಲಿ ಕೆದಕಿ, "ತಂಬಾಕು ಇಲ್ಲಲ್ಲ! ಇದು ಹೆಣ್ಮಕ್ಳ ಕವಳ" ಎಂದ. ಆದರೂ ಕೊಟ್ಟ ಕವಳವನ್ನು ಬೇಡವೆನ್ನುವ ಅಸಭ್ಯರು ಅಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಹಾಕಿದರು. ಬೀಡಿಗಳು ಆರಿದವು, ಗಾಳಿ ತಿಳಿಯಾಯಿತು. ನಾನು ಬೀಗಿದೆ. ಸ್ವಲ್ಪ ಹೊತ್ತಿನಲ್ಲಿ ಒಬ್ಬೊಬ್ಬರಾಗಿ ಎದ್ದು ಮಳೆಗೆ ಕತ್ತು ಚಾಚಿ ಉಗುಳಿದರು. ಎದುರುಗಾಳಿ ಅದರಲ್ಲಿ ಒಂದು ಪಾಲನ್ನು ನನ್ನ ಬಿಳಿ ಪಂಚೆಗೆ ಹಿಂದಿರುಗಿಸಿತು. ಆಮೇಲೆ ಎಲ್ಲರೂ ತೃಪ್ತಿಯಿಂದ ಒಟ್ಟಿಗೇ ಬೀಡಿ ಹಚ್ಚಿದರು.

"ಕವಳ ಚಲೋ ಅದೆ ಮಾಸ್ತರೇ" ಎಂದ ಹೊನ್ನಪ್ಪ. "ಆದ್ರೆ ಕವಳ ಆದ್ಮೇಲೆ ಒಂದು ಬೀಡಿ ಸೇದ್ದಿದ್ರೆ ಕವಳಕ್ಕೇ ಮರ್ಯಾದೆ ಇಲ್ಲ."

ಈ ಸೀಮೆಯಲ್ಲೇ ಹುಟ್ಟಿ ಬೆಳೆದು ಅರವತ್ತು ದಾಟಿದವನಿಗೆ ಇದು ಗೊತ್ತಿರಬೇಕಿತ್ತು. ಅಲ್ಲಿಯವರೆಗೆ ಚಹಾದ ಮೇಲೂ ಮಾತಿನ ನಡುವೆಯೂ ಸೇದುತ್ತಿದ್ದವರು ನನ್ನ ದೆಸೆಯಿಂದ ಕವಳದ ಮೇಲೂ ಸೇದತೊಡಗಿದರು. "ಮಾಸ್ತರೇ, ಇವತ್ತು ತಟ್ಟೆ ಎಲ್ಲಿ?" ಎಂದು ದಾರಿಯಲ್ಲಿ ಕಂಡಾಗಲೆಲ್ಲ ಕೇಳುವ ಸಲಿಗೆಯೂ ಬಂತು.

ಅಷ್ಟರಲ್ಲಿ ಅಕ್ಕನಿಗೆ ಜ್ವರವೆಂದು ಸುದ್ದಿ ಬಂತು. ಸುಮಿತ್ರೆ ಸೀರೆ ಬದಲಿಸಿ, ಪಂಪನ್ನು ಚೀಲಕ್ಕೆ ಹಾಕಿ, ಮಳೆಯಲ್ಲೇ ಹೊರಟಳು. ಹಿಂದಿನಿಂದ ನಾನು. ತಂಗುದಾಣದಲ್ಲಿ ಎಂದಿನ ಹೊಗೆ. ನಾನು ಗಂಟಲು ಸರಿಪಡಿಸಿಕೊಂಡು ಕಾಯ್ದೆಯ ಕಲಮನ್ನು ನೆನಪಿಸಿಕೊಳ್ಳುತ್ತಿರುವಾಗಲೇ ಆಕೆ ಸೆರಗನ್ನು ಮೂಗಿಗೆ ಹಿಡಿದು, "ಹೊನ್ನಪ್ಪಾ, ನಂಗೆ ಉಬ್ಬಸ ಅದೆ ಮಾರಾಯಾ. ಹೊಗೆ ತಡಿಯೂದಿಲ್ಲ" ಎಂದಳು.

ಹೊನ್ನಪ್ಪ ಆಗಷ್ಟೇ ಹಚ್ಚಿದ ಬೀಡಿಯನ್ನು ಕಟ್ಟೆಗೆ ಒತ್ತಿ ನಂದಿಸಿದ. "ಛೇ, ಛೇ! ಮೊದ್ಲೇ ಹೇಳೂದಲ್ವಾ ಅಕ್ಕಾ?" ಎಂದವನು ಆಳುಗಳತ್ತ ತಿರುಗಿ, "ಏಳ್ರೋ, ಎದ್ದೇಳ್ರೋ!" ಎಂದು ಅಬ್ಬರಿಸಿದ. ದೋಣಿಯಿಂದ ಬಲೆ ಇಳಿಸುವಷ್ಟೇ ಚುರುಕಾಗಿ ಎಲ್ಲರೂ ರಸ್ತೆ ದಾಟಿ, ಮುಚ್ಚಿದ ಗೂಡಂಗಡಿಯ ಮಾಡಿನಡಿ ಸೇರಿದರು. ಕಡೆಗೆ ಹೊರಟ ಹೊನ್ನಪ್ಪ ನನ್ನನ್ನು ದುರುಗುಟ್ಟಿ ನೋಡಿ, "ಎಂತ ಮಾಸ್ತರೇ ನೀವು! ಗಾಂಧಿ ಜಯಂತಿ ಹೇಳಿದ್ರಿ, ದಿಲ್ಲಿ ಹೇಳಿದ್ರಿ. ಅಕ್ಕಂಗೆ ಉಬ್ಬಸ ಅಂತ ಒಂದು ಮಾತು ಹೇಳಿದ್ರಾ?" ಎಂದ.

ಹೇಳಿರಲಿಲ್ಲ. ಆಧಾರಗಳಲ್ಲೆಲ್ಲ ಮೊದಲನೆಯದು ನನ್ನ ಮನೆಯಲ್ಲೇ ಕೆಮ್ಮುತ್ತಿದ್ದರೂ ಅದನ್ನು ಉಲ್ಲೇಖಿಸಲು ಮರೆತಿದ್ದೆ. ಬಸ್ಸು ಬಂತು. ಮೆಟ್ಟಿಲೇರುವಾಗ ಸುಮಿತ್ರೆಯ ಉಸಿರು ಸರಾಗವಾಗಿತ್ತು. ಚೀಲದಲ್ಲಿದ್ದ ಪಂಪು ಹೊರಗೆ ಬರಲೇ ಇಲ್ಲ. ಎಷ್ಟೋ ದಿನಗಳಿಂದ ನನ್ನ ಎದೆಯ ಮೇಲೆ ಕುಳಿತಿದ್ದುದೇನೋ ಆ ಮಳೆಯಲ್ಲಿ ಇಳಿದು ಹೋದಂತಾಯಿತು. ಅಕ್ಕನ ಜ್ವರ ಇಳಿಯಿತು, ವಾರದ ಪ್ರಯಾಣ ಮತ್ತೆ ಮೊದಲಾಯಿತು, ಮನೆಯಲ್ಲಿ ಮಾತೂ ಮರಳಿತು.

ಇಷ್ಟಾದ ಮೇಲೂ ಕಾಯ್ದೆ ಬೇಡವೆಂದು ನಾನು ಹೇಳುವವನಲ್ಲ. ಕೆಮ್ಮು ಬಂದವರೆಲ್ಲ ಸುಮಿತ್ರೆಯಂತೆ ಹೆಸರು ಹಿಡಿದು ಕರೆದು ಹೇಳಲಾರರು, ಹೊಗೆ ಬಿಡುವವರೆಲ್ಲ ಹೊನ್ನಪ್ಪನೂ ಅಲ್ಲ. ಗುರುತಿಲ್ಲದ ಊರಿನ ರೈಲು ನಿಲ್ದಾಣದಲ್ಲಿ ಮಗುವನ್ನೆತ್ತಿಕೊಂಡು ನಿಂತವಳ ಪರವಾಗಿ ಯಾರಾದರೂ ಮೊದಲೇ ಮಾತಾಡಿರಬೇಕು. ಕಾಯ್ದೆ ಮಾಡುವುದು ಅಷ್ಟನ್ನೇ. ಗುರುತಿದ್ದ ಕಡೆ ಬಾಯಿಬಿಟ್ಟು ಹೇಳುವ ಕೆಲಸ ಮಾತ್ರ ನಮ್ಮದೇ.

ಈಗ ತಂಗುದಾಣದ ಗಾಳಿ ನಿರ್ಮಲವಾಗಿದೆ. ಸುಮಿತ್ರೆಯನ್ನು ಬಸ್ಸು ಹತ್ತಿಸಲು ನಾನೂ ಹೋಗಿ ಕೂರುತ್ತೇನೆ. ಒಳಗೆ ಜನವೂ ಇರುತ್ತಾರೆ. ತಂಬಾಕು ನಮ್ಮ ಕರಾವಳಿಗೆ ಬಂದದ್ದು ಯಾವ ಇಸವಿಯಲ್ಲಿ ಎಂಬ ಬಗ್ಗೆ ಇರುವ ಭಿನ್ನಾಭಿಪ್ರಾಯಗಳನ್ನು ನಾನು ವಿವರಿಸತೊಡಗಿದೊಡನೆ, "ಒಂದು ಬೀಡಿ ಸೇದಿ ಬತ್ತೆ ಮಾಸ್ತರೇ" ಎನ್ನುತ್ತ ಒಬ್ಬೊಬ್ಬರಾಗಿ ರಸ್ತೆ ದಾಟುತ್ತಾರೆ. ಹಾಗೆ ದಾಟಿದವರಲ್ಲಿ ಹುಟ್ಟಿದಾರಭ್ಯ ಬೀಡಿ ಮುಟ್ಟದವರೂ ಇದ್ದಾರೆಂಬುದನ್ನು ಖಚಿತಪಡಿಸಿಕೊಂಡಿದ್ದೇನೆ. ಮೊನ್ನೆ ನಾನು ಪೋರ್ಚುಗೀಸರ ಹಡಗನ್ನು ದಡಕ್ಕೆ ತರುವಷ್ಟರಲ್ಲಿ ಸುಮಿತ್ರೆಯೂ ಎದ್ದು ನಿಂತು, ಕೈ ಹೊರಗೆ ಚಾಚಿ ಗಾಳಿಯ ದಿಕ್ಕನ್ನು ನೋಡಿದಳು. "ಗಾಳಿ ಹೊಗೇನ ಆಚೆ ಬದಿಗೆ ಒಯ್ತಾ ಅದೆ, ನಾ ಈಚೆ ಬದಿಗೆ ನಿಂತ್ರೆ ಎಂತ ತೊಂದ್ರೆ ಆಗೂದಿಲ್ಲ. ನೀವು ಹೇಳ್ತಾ ಇರಿ" ಎಂದು ಕೊಡೆ ಬಿಚ್ಚಿ, ಹೊನ್ನಪ್ಪನ ಗುಂಪಿನ ಕಡೆಗೆ ನಡೆದಳು.