ಭಾವ ಕೊಟ್ಟ ಮಾತು, ನಲ್ಲಿಯ ಹಿಡಿ

ಅಡುಗೆಮನೆಯ ನಲ್ಲಿಯ ಹಿಡಿ ಸಡಿಲವಾಗಿ ಬಹಳ ದಿನವಾಗಿತ್ತು. ಮನೆಯಾಕೆ ಅದನ್ನು ಹೆಬ್ಬೆರಳಿನಿಂದ ಅದುಮಿ, ತುಸು ಓರೆ ಮಾಡಿ, ಹಟಮಾರಿ ಮಗುವನ್ನು ಓಲೈಸುವಂತೆ ತಿರುಗಿಸಿ ನೀರು ಬಿಡಿಸಿಕೊಳ್ಳುತ್ತಿದ್ದಳು. ಈ ಗುಟ್ಟು ಅರಿಯದ ಅವಳ ತಮ್ಮ ಹೋದ ಸಲ ಊಟಕ್ಕೆ ಬಂದಾಗ ಹಿಡಿ ಕಿತ್ತು ಅವನ ಕೈಗೇ ಬಂತು. ಆ ಕಥೆ ನೆಂಟರ ಮನೆಗಳನ್ನೆಲ್ಲ ಸುತ್ತಿ, ಉಪ್ಪುಖಾರ ಹಚ್ಚಿಕೊಂಡು, ಯಜಮಾನರ ಕಿವಿಗೇ ಮರಳಿತು.

ಈ ಭಾನುವಾರ ಭಾವಮೈದುನ ಮತ್ತೆ ಬರುವವನಿದ್ದ. ಯಜಮಾನರು ಬೆಳಗ್ಗೆಯೇ ಸ್ಪ್ಯಾನರ್ ಹಿಡಿದು ರಣರಂಗಕ್ಕೆ ಇಳಿದರು.

"ಈ ಸಲ ಹಿಡಿ ನಿನ್ನ ತಮ್ಮನ ಕೈಗೆ ಬರಲ್ಲ, ನೋಡ್ತಾ ಇರು. ಮುಗಿಯೋವರೆಗೂ ನೀನು ಅಡುಗೆಮನೆಗೆ ಕಾಲಿಡಬೇಡ."

"ಆಗಲಿ," ಎಂದು ಆಕೆ ಹೊರಗೆ ಕುಳಿತು ಹುರುಳಿಕಾಯಿ ಬಿಡಿಸತೊಡಗಿದಳು.

ಬಲ್ಲವರು ಮೊದಲು ನೀರು ನಿಲ್ಲಿಸುತ್ತಾರೆ. ಯಜಮಾನರು ಮಹಡಿಗೆ ಹೋಗಿ, ಟ್ಯಾಂಕಿನ ಬಳಿಯ ವಾಲ್ವ್‌ಗಳಲ್ಲಿ ಮುಖಲಕ್ಷಣದಿಂದಲೇ ತಮ್ಮದೆನಿಸಿದ ಒಂದನ್ನು ಬಿಗಿದು ಬಂದರು. ಅಷ್ಟರಲ್ಲಿ ಮೇಲಿನ ಮನೆಯ ಬಚ್ಚಲಿನಿಂದ ಕೇಳಿಬರುತ್ತಿದ್ದ ಸಂಗೀತದ ಟೀಚರಮ್ಮನ ಹಾಡು ಅರ್ಧಕ್ಕೇ ನಿಂತಿತು. ಇವರು ಗಮನಿಸಲಿಲ್ಲ. ನಲ್ಲಿಯ ಹಿಡಿ ತಿರುಗಿಸಿ ಪರೀಕ್ಷಿಸಿದರು. ಒಂದು ಹನಿಯೂ ಬರಲಿಲ್ಲ. ಸಡಿಲ ಹಿಡಿ ಎಷ್ಟು ತಿರುಗಿಸಿದರೂ ನೀರು ಬರುವುದಿಲ್ಲ, ಅದೇ ಅಲ್ಲವೇ ಅದರ ರೋಗ! ಆದರೆ ಗೆಲುವಿನ ಹೊಸ್ತಿಲಲ್ಲಿ ನಿಂತವರಿಗೆ ಇಂಥ ಸಣ್ಣಪುಟ್ಟ ಸಂಗತಿ ಹೊಳೆಯುವುದೆಲ್ಲಿ?

ಹಿಡಿಯ ಪುಟ್ಟ ತಿರುಪನ್ನು ಬಿಗಿದಿದ್ದರೆ ಸಾಕಿತ್ತು. ಯಜಮಾನರು ಬುಡದಿಂದಲೇ ಚಿಕಿತ್ಸೆ ಆಗಲೆಂದು ಹಿಡಿಯನ್ನು ಕಿತ್ತು, ನಲ್ಲಿಯ ತಲೆಗೇ ಸ್ಪ್ಯಾನರ್ ಹಾಕಿದರು. ತಲೆ ಹಾರಿ ಸೂರಿಗೆ ಬಡಿಯಿತು. ಹಿಂದೆಯೇ ಕಾರಂಜಿ! ಒಂದು ಅಂಗೈ ಅಡ್ಡವಿಟ್ಟರೆ ನೀರು ಕನ್ನಡಕಕ್ಕೆ, ಬಾಣಲೆ ಮುಚ್ಚಿದರೆ ಗೋಡೆಗೆ. ಬೇಳೆಯ ಡಬ್ಬಿಗಳು ದೋಣಿಗಳಾಗಿ ಹೊರಟವು.

ಬಾಗಿಲಲ್ಲಿ ತಲೆತುಂಬ ಸೋಪಿನ ನೊರೆ ಹೊತ್ತ ಟೀಚರಮ್ಮ ಕಾಣಿಸಿಕೊಂಡರು. ನಮ್ಮ ಮನೆಗೆ ನೀರೇ ಇಲ್ಲ, ನಿಮಗೆ ಬರುತ್ತಾ ಇದೆಯೇ ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಬರ್ತಾ ಇದೆ, ಬನ್ನಿ," ಎಂದಳು ಮನೆಯಾಕೆ.

ಆಕೆ ಹುರುಳಿಕಾಯಿಯ ತಟ್ಟೆ ಕೆಳಗಿಟ್ಟು, "ಈಗಲಾದ್ರೂ ಒಳಗೆ ಬರಬಹುದಾ?" ಎಂದು ಅಪ್ಪಣೆ ಕೇಳಿ, ಸಿಂಕಿನ ಕೆಳಗೆ ಕೈಹಾಕಿ ಏನನ್ನೋ ತಿರುವಿದಳು. ಪ್ರಳಯ ನಿಂತಿತು.

"ಅಲ್ಲೊಂದು ವಾಲ್ವ್ ಇದೆ ಅಂತ ಮೊದಲೇ ಹೇಳಬಾರದಿತ್ತೇನೇ?"

"ಕಾಲಿಡಬೇಡ ಅಂದಿದ್ರಲ್ಲ. ಕೂತಿದ್ದೆ."

ಅಷ್ಟರಲ್ಲಿ ಭಾವಮೈದುನ ಬಂದೇಬಿಟ್ಟ. ಮಂಡಿವರೆಗೆ ಪ್ಯಾಂಟ್ ಮಡಚಿ, ಅಕ್ಕ, ಭಾವ, ನೊರೆಯ ಟೀಚರಮ್ಮ ಎಲ್ಲರನ್ನೂ ಒಮ್ಮೆ ನೋಡಿ, ನಗು ನುಂಗುತ್ತಾ ಕೈತೊಳೆಯಬಹುದೇ ಎಂದು ವಿಚಾರಿಸಿದ.

"ಸ್ವಲ್ಪ ತಡಿ ಕಣೋ," ಎಂದಳು ಅಕ್ಕ. "ಭಾವನ ಮಾತಂದ್ರೆ ಮಾತು. ಈ ಸಲ ಹಿಡಿ ನಿನ್ನ ಕೈಗೆ ಬರಲ್ಲ."

ಎಲ್ಲರೂ ಯಜಮಾನರತ್ತ ತಿರುಗಿದರು. ಅವರ ಎಡಗೈಯ ಮುಷ್ಟಿಯೊಳಗೆ ಅದು ಇನ್ನೂ ಭದ್ರವಾಗಿತ್ತು.