ಅರ್ಧ ನಿಮ್ಮ ಕಡೇದು, ಅರ್ಧ ನಮ್ಮ ಕಡೇದು

ಪಾಠ ಅರ್ಥವಾದ ಮಕ್ಕಳು ಪ್ರಶ್ನೆ ಕೇಳುತ್ತಾರೆ, ಅರ್ಥವಾಗದವರು ಭಕ್ತಿಯಿಂದ ತಲೆಯಾಡಿಸುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ, ಪರಶುರಾಂಪುರದ ಕಡೆಯ ಹೈಸ್ಕೂಲೊಂದರಲ್ಲಿ ನಾನು ಅನುವಂಶೀಯತೆ ಪಾಠ ಮಾಡುವಾಗ ಇಡೀ ಹತ್ತನೇ ತರಗತಿ ಗಾಳಿಗೆ ಸಿಕ್ಕ ಜೋಳದ ಹೊಲದಂತೆ ತಲೆಯಾಡಿಸುತ್ತಿತ್ತು. ಪ್ರಬಲ ಗುಣ, ದುರ್ಬಲ ಗುಣ ಎಂದು ಎಷ್ಟು ಬಿಡಿಸಿ ಹೇಳಿದರೂ ಅಷ್ಟೇ. ಕೊನೆಗೊಬ್ಬ, "ದುರ್ಬಲ ಗುಣ ಅಂದ್ರೆ ಬೀಡಿ ಸೇದೋದಾ ಸಾರ್?" ಎಂದ.

ಆ ಸಂಜೆಯೇ ಕೂತು ಒಂದು ಚಿತ್ರಕಥೆ ಬರೆದೆ. ನಾನು ಬರೆದ ಮನುಷ್ಯರು ಬದನೆಕಾಯಿಗೆ ಕೈಕಾಲು ಮೂಡಿದಂತಿರುತ್ತಾರೆ, ಇರಲಿ. ಮಗುವಿನೊಳಗೊಂದು ಕಟ್ಟೆ. ಅದರ ಮೇಲೆ ಕಣ್ಣಿನ ಬಣ್ಣ ಹೇಳಲು ಅಪ್ಪ ಕಳಿಸಿದವನೊಬ್ಬ, ಅವ್ವ ಕಳಿಸಿದವನೊಬ್ಬ. ಕಪ್ಪುಕಣ್ಣಣ್ಣ ಬಾಯಿಬಡುಕ. ಬೆಕ್ಕಿನ ಕಣ್ಣಿನವನು ಸಂಕೋಚದವನು; ಅಣ್ಣನ ಪಕ್ಕ ಬಾಯಿ ತೆರೆಯುವುದಿಲ್ಲ, ಹಾಗೆಂದು ಎದ್ದು ಹೋಗುವುದೂ ಇಲ್ಲ. ತಲೆಮಾರುಗಟ್ಟಲೆ ಸುಮ್ಮನಿದ್ದು, ತನ್ನಂಥವನೇ ಇನ್ನೊಬ್ಬ ಪಕ್ಕದಲ್ಲಿ ಬಂದು ಕೂತಾಗ ಇಬ್ಬರೂ ಸೇರಿ ಮಾತಾಡುತ್ತಾರೆ; ಆಗ ಮಗುವಿಗೆ ಬೆಕ್ಕಿನ ಕಣ್ಣು. ಚಳ್ಳಕೆರೆಯಲ್ಲಿ ಜೆರಾಕ್ಸ್ ಮಾಡಿಸಿ ಹಂಚಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು.

ಆ ವಾರವೇ ನನ್ನ ವಿದ್ಯಾರ್ಥಿನಿ ಶಾರದಾಳ ಅಜ್ಜಿ ಗೌರಮ್ಮನವರು ಆ ಹಾಳೆ ಹಿಡಿದು ಶಾಲೆಗೇ ಬಂದರು. ಚಿತ್ರದ ವಿಷಯದಲ್ಲಿ ಬೈಗುಳ ಖಂಡಿತ ಎಂದುಕೊಂಡು ಕುರ್ಚಿ ಕೊಟ್ಟೆ.

"ಮೇಷ್ಟ್ರೇ, ಮೊಮ್ಮಗಳು ಓದಿ ಹೇಳಿದ್ಲು. ನನ್ ಮಗಂದೂ ಸೊಸೇದೂ ಕಪ್ಪು ಕಣ್ಣು. ಈ ಹುಡುಗೀದು ಬೆಕ್ಕಿನ ಕಣ್ಣು. 'ಇದು ನಿಮ್ಮ ತವರುಮನೆ ಕಣ್ಣು' ಅಂತ ಸೊಸೇನ ಇಷ್ಟು ವರ್ಷ ಆಡ್ಕಂಡೀನಿ. ಇದ್ರಾಗೆ ನೋಡಿದ್ರೆ ಎರಡೂ ಕಡೆಯಿಂದ ಬರ್ಬೇಕಂತೆ. ದಿಟವಾ?"

"ದಿಟ ಅವ್ವಾರೇ. ನಿಮ್ಮ ಕಡೆಯೂ ಹಿಂದೆ ಯಾರಿಗಾದರೂ ಇದ್ದಿರಬೇಕು."

ಅವರು ಕಿಟಕಿಯಾಚೆ ನೋಡುತ್ತ, "ನಮ್ಮವ್ವ ಕೊಂಡ್ಲಹಳ್ಳಿಯಾಕೆ. ನಾನು ಸಣ್ಣಾಕೆ ಇದ್ದಾಗ್ಲೇ ಹೋಗ್ಬಿಟ್ಲು. ಮುಖನೂ ಸರಿಯಾಗಿ ನೆಪ್ಪಿಲ್ಲ. ನಮ್ಮತ್ತೆ ಮಾತ್ರ 'ಬೆಕ್ಕಿನ ಕಣ್ಣಾಕೆ ಮಗಳು' ಅಂತ ಬೈಯೋಳು," ಎಂದರು. ಆಮೇಲೆ ದನಿ ತಗ್ಗಿಸಿ, "ಹಂಗಾದ್ರೆ ನಮ್ಮವ್ವನ ಕಣ್ಣು ಈ ಹುಡುಗಿ ಕಣ್ಣಿನಂಗೇ ಇದ್ವಾ?" ಎಂದು ಕೇಳಿದರು.

ಪುಸ್ತಕದಲ್ಲಿ ಈ ಪ್ರಶ್ನೆ ಇರಲಿಲ್ಲ. "ಹಂಗೇ ಇದ್ದಿರಬೇಕು," ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು, ಹಾಳೆಯನ್ನು ಮಡಿಸಿ ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು ಹೋದರು.

ಮಾರನೆಯ ವಾರದಿಂದ ಶಾರದಾಳ ಬೈತಲೆ ಸೊಟ್ಟಗಾಯಿತು. ಕೇಳಿದರೆ, "ಅಜ್ಜಿ ಈಗ ನನ್ನ ಎದುರಿಗೆ ಕೂರಿಸ್ಕಂಡೇ ತಲೆ ಬಾಚ್ತಾಳೆ ಸಾರ್. ಕಣ್ಣು ನೋಡ್ತಾ ಇರ್ತಾಳೆ," ಎಂದಳು. ಸೊಸೆಯೊಡನೆ ರಾಜಿಯೂ ಆಗಿತ್ತಂತೆ. ಆದರೆ ಪೂರ್ತಿ ಸೋಲೊಪ್ಪಿಕೊಳ್ಳುವ ಹೆಂಗಸಲ್ಲ: "ಅರ್ಧ ನಿಮ್ಮ ಕಡೇದು, ಅರ್ಧ ನಮ್ಮ ಕಡೇದು. ಚೆಂದ ಇರೋ ಅರ್ಧ ನಮ್ಮದು," ಎಂದರಂತೆ.

ಈ ಗೆಲುವಿನಿಂದ ಉಬ್ಬಿ ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ವರ್ಣಿಸಿದೆ. ಅವಳು ಕಾಳು ಆರಿಸುತ್ತಲೇ, "ಹಂಗಾದ್ರೆ ನಮ್ ಮಗಂಗೆ ಈ ಹಟ ಯಾರಿಂದ ಬಂತು?" ಎಂದಳು.

"ಹಟ ಅಷ್ಟು ಸರಳ ವಿಷಯವಲ್ಲ. ಅದಕ್ಕೆ ನೂರಾರು ಕಾರಣ, ಬೆಳೆದ ವಾತಾವರಣ..." ಎಂದು ವಿವರಿಸತೊಡಗಿದೆ.

"ನಿಮ್ಮ ಕಡೇಗೆ ಬಂದಾಗ ಮಾತ್ರ ಪಾಠ ಕಷ್ಟ ಆಗ್ತೈತೆ ನೋಡ್ರಿ," ಎಂದಳು.